ಕಿವಿಯಣ್ಣನ ಕೊನೆಯ ಗರಗಸ

ಗರಗಸದ ಮಿಷನ್ನಿನ ಹಗ್ಗವನ್ನು ಗಿಡ್ಡ ಮತ್ತೆ ಜಗ್ಗಿದ. ಮಿಷನ್ನಿನ ಹೊಟ್ಟೆಯೊಳಗೆ ಏನೋ ಹೊರಳಿದ ಸದ್ದು ಬಂತೇ ಹೊರತು ಉಸಿರು ಬರಲಿಲ್ಲ.

"ಇದು ಸತ್ತು ಹೋಗಿದೆ ಅಕ್ಕಾ," ಅಂದವನು, ಇವತ್ತು ಈ ಮನೆಯಲ್ಲಿ ಆಡಬಾರದ ಮಾತು ಆಡಿದೆನಲ್ಲ ಎಂದು ನಾಲಗೆ ಕಚ್ಚಿಕೊಂಡ.

"ಎಳಿ," ಅಂದಳು ಅವಳು.

ಅವನು ಎಳೆದ. ಆರಡಿ ಮೀರಿದ ಆಳು. ಅದಕ್ಕೇ ಊರವರು ಗಿಡ್ಡ ಎಂದು ಹೆಸರಿಟ್ಟಿದ್ದರು. ಮರ ಕೊಯ್ಯುವುದೇ ಅವನ ಕಸುಬು. ಆದರೆ ಅವನ ಸ್ವಂತ ಗರಗಸ ಈಗ ಹೊಳೆಯಾಚೆ ಇತ್ತು. ರಾತ್ರಿಯ ಬಿರುಗಾಳಿಗೆ ಅಲ್ಲಿ ಸಾಲುಸಾಲು ಮರಗಳು ಉರುಳಿದ್ದವು. ಬೆಳಗಾಗುತ್ತಲೇ ರಸ್ತೆ ಕೆಲಸದವರು ಬಂದು, ಊರಲ್ಲಿದ್ದ ಮಿಷನ್ನುಗಳನ್ನೆಲ್ಲ ಒಟ್ಟುಮಾಡಿ ಒಯ್ದಿದ್ದರು. ಗಿಡ್ಡ ತನ್ನದನ್ನೂ ಕೊಟ್ಟು, ತಾನು ಮಾತ್ರ ಸಾವಿನ ಮನೆಗೆಂದು ಉಳಿದಿದ್ದ. ಫೋನುಗಳು ರಾತ್ರಿಯೇ ನಿಂತುಹೋಗಿದ್ದವು.

ಅವಳ ಗಂಡನ ಶವದ ಪೆಟ್ಟಿಗೆ ಹೊತ್ತ ವ್ಯಾನು ಮುಂದೆ, ಜನ ಹಿಂದೆ ಹೊರಟಿದ್ದರು. ಸ್ಮಶಾನದ ಅರ್ಧ ದಾರಿ ಸವೆದಿತ್ತಷ್ಟೆ, ಬುಡ ಸಡಿಲಾಗಿ ನಿಂತಿದ್ದ ಮರವೊಂದು ರಸ್ತೆಗೆ ಅಡ್ಡವಾಗಿ ಒರಗಿತು. ವ್ಯಾನು ಕೂದಲೆಳೆಯಲ್ಲಿ ದಾಟಿಕೊಂಡಿತು. ಅದರ ಬೆನ್ನಿಗೇ ಒಬ್ಬನೇ ನಡೆಯುತ್ತಿದ್ದ ಮೈದುನನನ್ನು ಮರ ಪಕ್ಕದ ಕಾಲುವೆಗೆ ಕೆಡವಿ, ತೊಡೆಯ ಮೇಲೆ ಮಲಗಿಬಿಟ್ಟಿತು. ಕಾಲುವೆಯಲ್ಲಿ ನೀರು ಏರುತ್ತಿತ್ತು. ವ್ಯಾನಿನ ಜಾಕಿ ಕೆಸರಲ್ಲಿ ಹೂತುಹೋಯಿತು. ಕೊಡಲಿ ಬೀಸಿದರೆ ಏಟಿಗೊಮ್ಮೆ ಮರ ನಡುಗಿ, ಕೆಳಗಿದ್ದವನು ಮನುಷ್ಯರದಲ್ಲದ ದನಿಯಲ್ಲಿ ಕೂಗುತ್ತಿದ್ದ. ಕೈಗರಗಸ ಹಸಿಮರದಲ್ಲಿ ಸಿಕ್ಕಿಕೊಂಡಿತು. ಆಗ ಯಾರೋ, ಕಿವಿಯಣ್ಣನ ಮೇಜಿನ ಮೇಲೆ ಹಳೆಯದೊಂದು ಮಿಷನ್ನು ಇರಬೇಕಲ್ಲ ಎಂದದ್ದಕ್ಕೇ ಅವಳೂ ಗಿಡ್ಡನೂ ಮನೆಗೆ ಓಡಿಬಂದಿದ್ದರು.

ಕಿವಿಯಣ್ಣ ಎಂದರೆ ಪೆಟ್ಟಿಗೆಯಲ್ಲಿ ಮಲಗಿದ್ದವನೇ.

* * *

ಮರ ಕೊಯ್ಯುವ ಮಿಷನ್ನು ಹಟ ಹಿಡಿದರೆ ಸುತ್ತಲಿನವರೆಲ್ಲ ಹೊತ್ತು ತರುತ್ತಿದ್ದದ್ದು ಅವನ ಹತ್ತಿರ. ಬೇರೆಯವರು ಮೊದಲು ಬಿಚ್ಚುತ್ತಾರೆ. ಅವನು ಮೊದಲು ಕೇಳುತ್ತಿದ್ದ. ಕಣ್ಣು ಮುಚ್ಚಿ, ತಲೆ ವಾಲಿಸಿ, ಸ್ವಲ್ಪ ಹೊತ್ತು ಕೂತು, ಕಾರ್ಬೊರೇಟರಿನ ಸ್ಕ್ರೂವನ್ನು ಕೂದಲಷ್ಟು ತಿರುಗಿಸಿದರೆ ಮುಗಿಯಿತು. ಸುಮ್ಮನೆ ಓಡುವಾಗ ಸ್ವಲ್ಪ ತೊದಲಬೇಕು, ಮರ ಕಚ್ಚಿದಾಗ ತೊದಲು ಬಿಟ್ಟು ಮಾತಾಡಬೇಕು ಅನ್ನುತ್ತಿದ್ದ. ಜನ ಕಿವಿಯಣ್ಣ ಎಂದು ಕರೆದರು. ಹುಟ್ಟಿದ ಹೆಸರು ಎಲ್ಲರಿಗೂ ಮರೆತುಹೋಯಿತು.

ಹೆಸರು ಬಿದ್ದಾಗ ಕಿವಿ ನಿಜವಾಗಿಯೂ ಇತ್ತು. ಆದರೆ ಹಗಲೆಲ್ಲ ಆ ಅಬ್ಬರದ ಮಗ್ಗುಲಲ್ಲೇ ಕೂತವನ ಕಿವಿ ಎಷ್ಟು ಕಾಲ ಉಳಿದೀತು? ಮೊದಲು ಹಕ್ಕಿಗಳ ದನಿ ಹೋಯಿತು. ಆಮೇಲೆ ಅವಳ ದನಿ. ಎದುರಿಗೆ ನಿಂತವರ ಮಾತನ್ನು ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದ. ಒಂದು ಸಲ ಅವನು ಸರಿಮಾಡಿ ಕಳಿಸಿದ ಮಿಷನ್ನು ವಾರದೊಳಗೆ ಸುಟ್ಟು ವಾಪಸು ಬಂತು. ತಂದವನು ಕಬ್ಬಿಣವೇ ಕಳಪೆ ಇರಬೇಕು ಎಂದು ತಾನೇ ಸಮಾಧಾನ ಹೇಳಿ ಹೋದ. ರಾತ್ರಿ ಊಟಕ್ಕೆ ಕೂತ ಕಿವಿಯಣ್ಣ ತಟ್ಟೆ ಪಕ್ಕಕ್ಕೆ ಸರಿಸಿದ.

"ಅದು ಕಿರುಚ್ತಾ ಇತ್ತಂತೆ. ನನಗೆ ಕೇಳ್ಲೇ ಇಲ್ಲ," ಅಂದ. "ಕಿವಿಯಣ್ಣನಿಗೆ ಕಿವಿ ಇಲ್ಲ ಅಂದ್ರೆ, ನಾನ್ಯಾರು ಹಾಗಾದ್ರೆ?"

ಮಾರನೆಯ ದಿನದಿಂದ ಅವಳು ಅವನ ಬೆನ್ನ ಹಿಂದೆ ನಿಲ್ಲತೊಡಗಿದಳು. ಎರಡು ಕೈಯನ್ನೂ ಅವನ ಹೆಗಲ ಮೇಲಿಡುತ್ತಿದ್ದಳು. ಬಲಗೈ ಬೆರಳು ಒತ್ತಿದರೆ ಸ್ಕ್ರೂ ಬಿಗಿ, ಎಡಗೈ ಒತ್ತಿದರೆ ಸಡಿಲ, ಅಂಗೈ ಚಪ್ಪಟೆಯಾದರೆ ಸಾಕು. ಶುರುವಿನಲ್ಲಿ ಅವಳಿಗೆ ಎಲ್ಲ ಗದ್ದಲವೂ ಒಂದೇ ಆಗಿತ್ತು. ತಪ್ಪುತ್ತ, ಬೈಸಿಕೊಳ್ಳುತ್ತ ಕಲಿತಳು. ಆರು ತಿಂಗಳಲ್ಲಿ ಮಿಷನ್ನು ಬಾಗಿಲಿಗೆ ಬರುವ ಮೊದಲೇ ಅದರ ಕಾಯಿಲೆ ತಿಳಿಯುವ ಹಾಗಾಯಿತು. ನೋಡಿದವರು ನಕ್ಕರು. ಈ ವಯಸ್ಸಲ್ಲೂ ಗಂಡನ ಬೆನ್ನು ಬಿಡಲ್ಲವಲ್ಲ ಎಂದು ಆಡಿಕೊಂಡರು. ಅವಳೂ ಅವರ ಜೊತೆ ನಗುತ್ತಿದ್ದಳು.

ಅವನು ಅವಳಿಂದ ಒಂದೇ ಮಾತು ತೆಗೆದುಕೊಂಡಿದ್ದ. ತಾನು ಮಣ್ಣಾಗುವ ತನಕ ಇದು ಇಬ್ಬರಲ್ಲೇ ಇರಬೇಕು.

* * *

"ಬೇರೆ ಎಲ್ಲಾದ್ರೂ ಹುಡುಕೋಣ ಅಕ್ಕಾ. ನೀರು ಏರ್ತಿದೆ," ಅಂದ ಗಿಡ್ಡ. ಅವನ ಅಂಗೈ ಹಗ್ಗಕ್ಕೆ ಸುಲಿದು ರಕ್ತ ಜಿನುಗುತ್ತಿತ್ತು.

"ಬೇರೆ ಎಲ್ಲಿದೆ?" ಅಂದಳು.

ಅವಳು ತಲೆಯೆತ್ತಿ ನೋಡಿದಳು. ಮೇಜಿನ ನೇರಕ್ಕಿದ್ದ ಚಾವಣಿಯ ತಗಡು ಗಾಳಿಗೆ ಹಾರಿಹೋಗಿ, ಆಕಾಶ ಕಾಣುತ್ತಿತ್ತು. ರಾತ್ರಿಯಿಡೀ ಮಿಷನ್ನು ನೆನೆದಿದೆ. ಕಿಡಿಯೇ ಹುಟ್ಟುತ್ತಿಲ್ಲ. ಪಕ್ಕದ ಕವರ್ ಬಿಚ್ಚು ಎಂದು ಗಿಡ್ಡನಿಗೆ ಹೇಳಿ, ಹೋದ ವಾರ ಗಂಡ ಇದರ ಬಗ್ಗೆ ಏನೇನು ಹೇಳಿದ್ದ ಎಂದು ಒಂದೊಂದಾಗಿ ನೆನಪಿಸಿಕೊಳ್ಳಹತ್ತಿದಳು.

ಗುಜರಿಯವನು ತಂದುಕೊಟ್ಟದ್ದು. ಹೆಸರಿನ ಪಟ್ಟಿ ಇಲ್ಲ, ಬಣ್ಣ ಇಲ್ಲ, ಮಸಿ ಹಿಡಿದ ಕಬ್ಬಿಣದ ಮುದ್ದೆ. ಕಿವಿಯಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಲ್ಲೇ ಓದಿದ್ದ. ಮುಂದೆ ಚೈನು ನಿಲ್ಲಿಸುವ ಬ್ರೇಕಿಲ್ಲ. ಚೈನಿಗೆ ಎಣ್ಣೆ ಬೇಕಾದರೆ ಹೆಬ್ಬೆರಳಲ್ಲಿ ಗುಂಡಿ ಒತ್ತಬೇಕು. ಕಿಡಿ ಕೊಡಲು ಈಗಿನ ಹಾಗೆ ಮುಚ್ಚಿದ ಡಬ್ಬಿಯಲ್ಲ, ಚಕ್ರದ ಹಿಂದೆ ಒಂದಕ್ಕೊಂದು ತಾಗಿ ಬಿಡುವ ಎರಡು ಪಾಯಿಂಟು. ಹಾಗಾದರೆ ಇದು ನಮ್ಮ ಮದುವೆಗಿಂತ ಹಿಂದಿನದು ಎಂದಿದ್ದ. ಆಮೇಲೆ ಕವರಿನ ಒಳಮೈ ಉಜ್ಜಿದಾಗ, ಎರಕ ಹೊಯ್ಯುವಾಗಲೇ ಒತ್ತಿದ ಸಣ್ಣ ಗಡಿಯಾರದಂಥ ಗುರುತು ಸಿಕ್ಕಿತು. ನಡುವೆ ವರ್ಷ, ಸುತ್ತ ತಿಂಗಳಿಗೊಂದು ಚುಕ್ಕೆ. ಮಗುವಿನ ಹಾಗೆ ನಕ್ಕಿದ್ದ.

"ನಿನಗಿಂತ ಎರಡು ವರ್ಷ ದೊಡ್ಡದು ಕಣೇ. ಅದಕ್ಕೇ ಇಷ್ಟು ಸೊಕ್ಕು."

ಅವಳು ಹರಿದ ಕಾಗದದ ಚೂರನ್ನು ಚಕ್ರದ ಕಿಂಡಿಯಿಂದ ತೂರಿಸಿ, ಪಾಯಿಂಟುಗಳ ನಡುವೆ ಎಳೆದಳು. ಕಪ್ಪು ನೀರು ಬಂತು. ಇನ್ನೊಂದು ಚೂರು ಎಳೆದಳು, ಮತ್ತೊಂದು. ಕಾಗದ ನೆನೆಯದೆ ಹೊರಬಂದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದಳು. ಗಿಡ್ಡ ತನ್ನ ಕ್ಯಾನಿನಿಂದ ಪೆಟ್ರೋಲು ಸುರಿಯಲು ಹೋದಾಗ ತಡೆದು, ಅದಕ್ಕೆ ಇನ್ನಷ್ಟು ಎಣ್ಣೆ ಬೆರೆಸಿದಳು. ಹಳೆಯವಕ್ಕೆ ಎಣ್ಣೆ ಕಮ್ಮಿಯಾದರೆ ಒಳಗೇ ಕಚ್ಚಿಕೊಳ್ಳುತ್ತವೆ ಎಂದು ಗಂಡನೇ ಹೇಳಿದ್ದ.

ಗಿಡ್ಡ ಜಗ್ಗಿದ. ಕೆಮ್ಮಿತು. ಮತ್ತೆ ಜಗ್ಗಿದ. ಹೊಗೆ ಕಾರಿ, ಇಡೀ ಕೋಣೆ ತುಂಬುವ ಹಾಗೆ ಹೊತ್ತಿಕೊಂಡಿತು. ಅವನು ಅದನ್ನು ಎತ್ತಿಕೊಂಡು ಬಾಗಿಲಿಗೆ ಓಡಿದ.

ಅವಳು ಅಡ್ಡ ನಿಂತಳು.

ಆ ದನಿ ಅವಳಿಗೆ ಗೊತ್ತಿತ್ತು. ತೆಳ್ಳಗೆ, ಮೇಲೆ ಮೇಲೆ ಹೋಗುವ ಕೀಚಲು. ಮೊನ್ನೆಯೂ ಹೀಗೇ ಕೀಚುತ್ತಿತ್ತು. ಅವಳು ಗಂಡನ ಬೆನ್ನ ಹಿಂದೆ ನಿಂತು ಎಡಗೈ ಬೆರಳು ಒತ್ತಿದ್ದಳು, ಸಡಿಲ ಮಾಡು ಎಂದು. ಅವನ ಕೈ ತಿರುಗಲಿಲ್ಲ. ಇನ್ನೊಮ್ಮೆ ಒತ್ತಿದಳು, ಸಿಟ್ಟಿನಿಂದ ಮಗದೊಮ್ಮೆ. ಆಮೇಲೆ ಅವನ ತಲೆ ನಿಧಾನಕ್ಕೆ ಹಿಂದೆ ಬಂದು ಅವಳ ಹೊಟ್ಟೆಗೆ ಒರಗಿತು. ಅಕ್ಕಪಕ್ಕದವರು ಬಂದು, ಮಲಗಿಸಿ, ಎದೆ ಒತ್ತಿ, ಕೈಬಿಟ್ಟ ಮೇಲೂ ಮಿಷನ್ನು ಓಡುತ್ತಲೇ ಇತ್ತು. ಆರಿಸಬೇಕೆಂದು ಯಾರಿಗೂ ತೋಚಲಿಲ್ಲ. ಟ್ಯಾಂಕು ಬರಿದಾಗಿ ತಾನಾಗಿ ನಿಂತಿತ್ತು.

"ಹೀಗೇ ಒಯ್ದರೆ ಅರ್ಧ ಮರದಲ್ಲಿ ಹಿಡ್ಕೊಂಡುಬಿಡುತ್ತೆ," ಎಂದು ಕೂಗಿದಳು. "ಇಡು ಕೆಳಗೆ."

ಅವನು ಇಟ್ಟ. ಅವಳು ಅಭ್ಯಾಸಬಲದಿಂದ ಅವನ ಹಿಂದೆ ಹೋಗಿ ಹೆಗಲ ಮೇಲೆ ಕೈಯಿಟ್ಟು ಎಡಗೈ ಬೆರಳು ಒತ್ತಿದಳು. ಗಿಡ್ಡ ಏನೂ ತಿಳಿಯದೆ ತಿರುಗಿ ಅವಳ ಮುಖ ನೋಡಿದ. ಆಗ ಅವಳಿಗೆ ಅಳು ಬಂತು, ಆ ಮೂರು ದಿನದಲ್ಲಿ ಮೊದಲ ಸಲ. ಅಳುತ್ತಲೇ ಅವನನ್ನು ಪಕ್ಕಕ್ಕೆ ತಳ್ಳಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಇಷ್ಟು ವರ್ಷದಲ್ಲಿ ಅದನ್ನು ಅವಳು ಹಿಡಿದವಳಲ್ಲ. ಕೈ ಅವನದು, ಕಿವಿ ಅವಳದು. ತುದಿ ಸ್ಕ್ರೂವಿನ ಗೀರಿನಲ್ಲಿ ಕೂರದೆ ಜಾರುತ್ತಿತ್ತು. ಎರಡು ಕೈಯಲ್ಲಿ ಹಿಡಿದು ತಿರುಗಿಸಿದಳು. ಕೀಚಲು ದಪ್ಪಗಾಯಿತು. ಇನ್ನೊಂದಿಷ್ಟು ತಿರುಗಿಸಿದಾಗ, ತೊದಲಿತು.

"ನಡಿ," ಅಂದಳು.

ಗಿಡ್ಡ ಅವಳನ್ನೇ ನೋಡುತ್ತಿದ್ದ. ಆಮೇಲೆ ಮಿಷನ್ನು ಎತ್ತಿಕೊಂಡು ಓಡಿದ.

* * *

ನೀರು ಮೈದುನನ ಎದೆ ದಾಟಿತ್ತು. ಇಬ್ಬರು ಕಾಲುವೆಗಿಳಿದು ಅವನ ತಲೆ ಎತ್ತಿಹಿಡಿದಿದ್ದರು. ಮುಖ ಬಿಳುಚಿ, ತುಟಿ ನೀಲಿಗಟ್ಟಿತ್ತು. ಗಿಡ್ಡ ಮರದ ಸುತ್ತ ಓಡಾಡಿ, ಎಲ್ಲಿ ಕೊಯ್ದರೆ ಅದು ಯಾವ ಕಡೆಗೆ ಹೊರಳುತ್ತದೆ ಎಂದು ಅಂದಾಜು ಮಾಡುತ್ತ, ಕೆಳಗೆ ದಿಮ್ಮಿ ಆನಿಸುತ್ತಿದ್ದ. ಅವಳು ಕೆಸರಲ್ಲಿ ಮಂಡಿಯೂರಿ ಮೈದುನನ ಕೈ ಹಿಡಿದಳು.

ಅವನು ಮನೆಗೆ ಬಂದು ವರ್ಷಗಳೇ ಆಗಿದ್ದವು. ಅತ್ತೆ ಹಾಸಿಗೆ ಹಿಡಿದಾಗ ಅವನು ದೂರದ ಊರಲ್ಲಿ ಕೆಲಸದಲ್ಲಿದ್ದ. ಎಲ್ಲ ಮುಗಿದ ಮೇಲೆ ಬಂದ. ಅಣ್ಣ ನಾಲ್ಕು ಜನರ ಮುಂದೆ, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದುಬಿಟ್ಟ. ಅಂದವನು ಮಾತ್ರ ಅವತ್ತಿನಿಂದ ದಾರಿ ಕಾಯುತ್ತಲೇ ಇದ್ದ. ತಮ್ಮ ಒಂದೇ ಒಂದು ಸಲ ಬಂದು ಅಣ್ಣಾ ಅಂದಿದ್ದರೆ ಸಾಕಿತ್ತು ಎಂದು ಅವಳ ಹತ್ತಿರ ಎಷ್ಟು ಸಲ ಹೇಳಿದ್ದನೋ. ತಮ್ಮ ಬರಲೇ ಇಲ್ಲ ಎಂದೇ ಅವಳೂ ನಂಬಿದ್ದಳು.

"ಅತ್ತಿಗೆ," ಅಂದ ಮೈದುನ. ಹಲ್ಲು ಕಟಕಟ ಅನ್ನುತ್ತಿದ್ದವು. "ನಾನು ಬಂದಿದ್ದೆ."

"ಮಾತಾಡ್ಬೇಡಪ್ಪಾ. ಈಗ ತೆಗೀತಾರೆ."

"ಇಲ್ಲ, ಕೇಳಿ. ಅಮ್ಮ ಹೋದ ಮಾರನೇ ವರ್ಷ ಬಂದಿದ್ದೆ. ನೀವಿರಲಿಲ್ಲ. ಅಣ್ಣ ಬಾಗಿಲಿಗೆ ಬೆನ್ನು ಹಾಕಿ ಚೈನು ಒರೆಸ್ತಾ ಕೂತಿದ್ದ. ಮಿಷನ್ ಓಡ್ತಿರಲಿಲ್ಲ ಅತ್ತಿಗೆ, ಗುಂಡುಸೂಜಿ ಬಿದ್ರೂ ಕೇಳೋ ಹಾಗಿತ್ತು. ಕರೆದೆ. ತಪ್ಪಾಯ್ತು ಅಂದೆ. ಅತ್ತುಬಿಟ್ಟೆ." ಉಸಿರು ಸಿಕ್ಕದೆ ನಿಲ್ಲಿಸಿದ. "ಕಿವಿಯಣ್ಣ ಅಲ್ವಾ. ಒಂದು ಸಲ ತಿರುಗಿ ಕೂಡ ನೋಡ್ಲಿಲ್ಲ."

ಅವಳು ಅವನತ್ತ ಬಾಗಿದಳು. ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮಿಷನ್ನು ಅಬ್ಬರಿಸಿತು. ಗಿಡ್ಡ ಗರಗಸದ ಹಲ್ಲನ್ನು ಮರಕ್ಕಿಳಿಸಿದ್ದ.

ಆದರೆ ತೊದಲು ಬಿಡಲಿಲ್ಲ. ಗಂಟಲಲ್ಲಿ ಕಫ ಸಿಕ್ಕಿದವರ ಹಾಗೆ ಗೊರಗೊರ ಎಂದು, ಚೈನು ಮರದಲ್ಲಿ ನಿಂತೇಬಿಟ್ಟಿತು. ಅವಳು ಎದ್ದು ಓಡಿದಳು. ಸ್ಕ್ರೂ ಸಡಿಲ ಮಾಡಿದ್ದು ಹೆಚ್ಚಾಗಿತ್ತು. ಗಿಡ್ಡ ಮಿಷನ್ನನ್ನು ಎಳೆದು ಹೊರತೆಗೆದು ಅವಳ ಮುಂದೆ ಹಿಡಿದ. ಸುತ್ತ ನಿಂತವರು ಕೂಗುತ್ತಿದ್ದರು, ಬೇಗ ಬೇಗ ಎಂದು ಒಬ್ಬ, ಅವಳ ಕೈಗೆ ಯಾಕೆ ಕೊಡುತ್ತೀಯ ಎಂದು ಇನ್ನೊಬ್ಬ. ಅವಳು ಕಣ್ಣು ಮುಚ್ಚಿ ತಲೆ ವಾಲಿಸಿದಳು. ಸ್ಕ್ರೂವನ್ನು ಕೂದಲಷ್ಟು ಬಿಗಿದಳು. ಗಿಡ್ಡ ಮತ್ತೆ ಇಳಿಸಿದ. ಇನ್ನೂ ಸರಿಯಿಲ್ಲ. ಹೊರಗೆ. ಮತ್ತೊಂದು ಕೂದಲಷ್ಟು.

ಮೂರನೆಯ ಸಲ ಹಲ್ಲು ಮರಕ್ಕೆ ತಾಗುತ್ತಲೇ ತೊದಲು ಬಿಟ್ಟುಹೋಗಿ, ದನಿ ಒಂದೇ ಸಮ, ಗಟ್ಟಿಯಾಗಿ ಹೊರಟಿತು. ಬಿಳಿಯ ಹೊಟ್ಟು ಗಿಡ್ಡನ ಮೊಣಕಾಲಿಗೆ ಚಿಮ್ಮಿತು. ಅವಳು ಅಂಗೈಯನ್ನು ಅವನ ಬೆನ್ನಿಗೆ ಚಪ್ಪಟೆಯಾಗಿ ಇಟ್ಟಳು. ಅದರ ಅರ್ಥ ಅವನಿಗೆ ಗೊತ್ತಿರಲಿಲ್ಲ.

ಕೆಳಗಿಂದ ಅರ್ಧ, ಮೇಲಿಂದ ಅರ್ಧ ಕೊಯ್ದ. ಒಂದು ಕಡೆ ತುಂಡಾಯಿತು. ಇನ್ನೊಂದು ಕಡೆ ಮುಗಿಯುವ ಹೊತ್ತಿಗೆ ನೀರು ಮೈದುನನ ಗಲ್ಲ ಮುಟ್ಟಿತ್ತು. ದಿಮ್ಮಿ ಹೊರಳಿತು. ಎಂಟು ಹತ್ತು ಜನ ಅವನನ್ನು ಮೇಲಕ್ಕೆ ಎಳೆದರು. ಕಾಲು ಇರಬೇಕಾದ ಹಾಗೆ ಇರಲಿಲ್ಲ. ಇಷ್ಟು ಹೊತ್ತು ಮರವೇ ತಡೆದಿಟ್ಟಿದ್ದ ರಕ್ತ ಈಗ ಒಮ್ಮೆಲೇ ಬಂತು. ಯಾರದೋ ಬೆಲ್ಟು ಕಿತ್ತು ಅವಳು ತೊಡೆಗೆ ಬಿಗಿದಳು.

ಗಂಡ ಇನ್ನೂ ಮಣ್ಣಾಗಿರಲಿಲ್ಲ. ಅವನಿಗೆ ಕೊಟ್ಟ ಮಾತಿನ ಅವಧಿ ಇನ್ನೂ ಮುಗಿದಿರಲಿಲ್ಲ.

"ಅವರಿಗೆ ಕಿವಿ ಕೇಳ್ತಿರಲಿಲ್ಲ," ಅಂದಳು. ಎಲ್ಲರ ಮುಂದೆಯೇ ಅಂದಳು. "ಕೇಳಿಸ್ಕೋ. ನೀನು ಬರೋಕೆ ಎಷ್ಟೋ ಮೊದಲೇ ಪೂರಾ ಹೋಗಿತ್ತು. ನಾನೇ ಹಿಂದೆ ನಿಂತು ಕೇಳಿ ಹೇಳ್ತಿದ್ದೆ. ನೀನು ಕರೆದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಸಾಯೋವರೆಗೂ ನಿನ್ನ ದಾರಿ ನೋಡಿದ್ರು."

ಗಿಡ್ಡ ಮಿಷನ್ನು ಆರಿಸಿದ.

ಮೈದುನ ಅವಳ ಸೆರಗು ಹಿಡಿದ. "ಕೇಳ್ಲೇ ಇಲ್ವಾ?" ಅಂದ.

"ಇಲ್ಲಪ್ಪಾ."

"ಕೇಳ್ಲೇ ಇಲ್ವಾ ಅತ್ತಿಗೆ?" ಎಂದು ಮತ್ತೆ ಅದನ್ನೇ ಕೇಳಿದ. ಅವಳು ಮತ್ತೆ ಅದನ್ನೇ ಹೇಳಿದಳು.

* * *

ಮರದ ಆಚೆ, ಆಸ್ಪತ್ರೆಯ ಬದಿಗಿದ್ದ ಬಂಡಿ ಅದೊಂದೇ, ಹೆಣದ ವ್ಯಾನು. ಚಾಲಕ ಕೆಳಗಿಳಿದು, ಸ್ಮಶಾನದಲ್ಲಿ ಗುಂಡಿ ತೋಡಿಕೊಂಡು ಕಾಯುತ್ತಿದ್ದಾರೆ, ಈಗ ಎಲ್ಲಿಗೆ ಎಂದು ಕೇಳಿದ. ಕೇಳುವಾಗಲೇ ಹಿಂದಿನ ಬಾಗಿಲು ತೆಗೆಯುತ್ತಿದ್ದ. ಪೆಟ್ಟಿಗೆಯನ್ನು ಇಳಿಸಿ ಕೆಸರಲ್ಲಿ ಇಡುವುದಕ್ಕೆ ಯಾರಿಗೂ ಮನಸ್ಸು ಬರಲಿಲ್ಲ. ಒಂದು ಪಕ್ಕಕ್ಕೆ ಒತ್ತಿ, ಉಳಿದ ಜಾಗದಲ್ಲಿ ಮೈದುನನನ್ನು ಮಲಗಿಸಿದರು. ಅವಳು ಕಾಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬೆಲ್ಟಿನ ತುದಿ ಹಿಡಿದಳು. ಬೆರಳ ಸಂದಿಯಲ್ಲಿ ಬೆಚ್ಚಗೆ ಒಸರುತ್ತಲೇ ಇತ್ತು. ಆಸ್ಪತ್ರೆ ಗುಡ್ಡದಾಚೆ. ದಾರಿಯುದ್ದಕ್ಕೂ ತಿರುವು.

ಚಾಲಕ ಉಸಿರು ಕಟ್ಟಿ ಓಡಿಸಿದ. ಮೊದಲ ತಿರುವಿಗೇ ಪೆಟ್ಟಿಗೆ ಜಾರಿ ವ್ಯಾನಿನ ಗೋಡೆಗೆ ಹೋಗಿ ಬಡಿಯಿತು. ಮೈದುನ ಕಣ್ಣು ತೆರೆದ. ಎರಡನೆಯ ತಿರುವಿಗೆ ಅದು ಮತ್ತೆ ಜಾರುವಾಗ, ಕೆಸರು ಮೆತ್ತಿದ ತೋಳನ್ನೆತ್ತಿ ಪೆಟ್ಟಿಗೆಯ ಮೇಲೆ ಹಾಕಿ, ಅದನ್ನು ತನ್ನ ಮೈಗೆ ಎಳೆದುಕೊಂಡ.

ನಿಧಾನ ಹೋಗು ಎಂದು ಅವಳು ಚಾಲಕನಿಗೆ ಹೇಳಲಿಲ್ಲ. ವ್ಯಾನು ಆ ಕಡೆ ವಾಲಿದರೆ ಮೈದುನ ಬಿಗಿಹಿಡಿದು ತಡೆಯುತ್ತಿದ್ದ. ಈ ಕಡೆ ವಾಲಿದರೆ ಪೆಟ್ಟಿಗೆ ತಾನಾಗಿ ಬಂದು ಅವನ ಪಕ್ಕೆಗೆ ಒರಗುತ್ತಿತ್ತು.