ಅಕ್ಕಿ ಕೋಣೆಯ ಬಾಗಿಲು

ಕಡಲಾಚೆಯ ಹಳ್ಳಿಯೊಂದರಲ್ಲಿ ಆ ವಾರ ಪುಟ್ಟ ಲೆಟ್‌ಲೆಟ್‌ಳ ಹೊಟ್ಟೆಗೆ ಅರ್ಧ ಊರಿನ ಎಂಜಲು ತಾಕಿತ್ತು.

ಬಾಲವಾಡಿಗೆ ಕುಣಿಯುತ್ತ ಹೋಗುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಬೆಳಗಾದರೆ ಮಂಚದ ಕೆಳಗೆ ಸೇರಿ ಅಳತೊಡಗಿದ್ದಳು. ಹಾಸಿಗೆ ಒದ್ದೆಯಾಗುತ್ತಿತ್ತು. ದೀಪ ಆರಿಸಿದರೆ ಚೀರುತ್ತಿದ್ದಳು. ತಾಯಿ ಪಟ್ಟಣದ ಮೀನು ಕಾರ್ಖಾನೆಯಲ್ಲಿ ದುಡಿಯುವವಳು, ಭಾನುವಾರ ಮಾತ್ರ ಮನೆಗೆ ಬರುತ್ತಿದ್ದಳು. ಮಗುವಿನ ಜವಾಬ್ದಾರಿಯೆಲ್ಲ ಇಸ್ಕಾ ಅಜ್ಜಿಯದು. ಅಜ್ಜಿ ಕಾಯಿಲೆಯನ್ನು ಕೂಡಲೇ ಪತ್ತೆ ಹಚ್ಚಿದಳು: ಇದು ಉಸೊಗ್. ಯಾರೋ "ಎಷ್ಟು ಮುದ್ದಾಗಿದೆ ಮಗು" ಎಂದಿದ್ದಾರೆ, ಆ ಮಾತು ತಾಕಿದೆ. ಅಂದವರೇ ಬಂದು ಎಂಜಲು ಬೆರಳಿನಿಂದ ಹೊಟ್ಟೆ ಸವರಿದರೆ ಇಳಿಯುತ್ತದೆ. ಅಂದವರು ಯಾರೆಂದು ತಿಳಿಯದ್ದರಿಂದ ಅಜ್ಜಿ ಯಾರನ್ನೂ ಬಿಡಲಿಲ್ಲ. ಅವಳು ಮಾಡುವ ಬಿಸಿ ಪುತೊ, ಅಂದರೆ ಹಬೆಯಲ್ಲಿ ಬೆಂದ ಅಕ್ಕಿ ತಿಂಡಿ, ಕೊಳ್ಳಲು ಬಂದವರೆಲ್ಲ ಮಗುವಿನ ಹೊಟ್ಟೆ ಸವರಿಯೇ ಹೋಗಬೇಕಿತ್ತು. ಊರ ಮುಖ್ಯಸ್ಥ ಕ್ಯಾಪ್ಟನ್ ಬೆರ್ತಿಂಗನಿಗೂ ವಿನಾಯಿತಿ ಇರಲಿಲ್ಲ.

"ಅಜ್ಜಿ, ನಾನು ನಿಮ್ಮ ಮೊಮ್ಮಗಳನ್ನ ಹೊಗಳೇ ಇಲ್ವಲ್ಲ," ಎಂದ ಅವನು.

"ಇಂಥ ಮಗೂನ ಹೊಗಳಲಿಲ್ಲ ಅನ್ನೋದೂ ಒಂದು ತಪ್ಪೇ. ಸವರಿ ಸುಮ್ನೆ," ಎಂದಳು ಅಜ್ಜಿ.

ಎಷ್ಟು ಸವರಿದರೂ ಮಗು ಮಂಚದ ಕೆಳಗಿನಿಂದ ಬರಲಿಲ್ಲ. ಅಷ್ಟರಲ್ಲಿ ಮಕ್ಕಳ ತೂಕ ನೋಡುವ ಆರೋಗ್ಯ ಕಾರ್ಯಕರ್ತೆ ಎಡ್ನಾ ಬಂದಳು. ಅವಳು ಬೆರಳು ನೆಕ್ಕಲಿಲ್ಲ. ನೆಲದ ಮೇಲೆ ಕೂತು ಕಪ್ಪೆಚಿಪ್ಪು ಜೋಡಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಲೆಟ್‌ಲೆಟ್ ತಾನೇ ತೆವಳಿ ಬಂದು ಒಂದು ಚಿಪ್ಪು ಇಟ್ಟಳು.

"ಬಾಲವಾಡೀಲಿ ಏನೇನು ಮಾಡ್ತೀರಿ ಪುಟ್ಟಿ?"

"ಹಾಡ್ತೀವಿ. ಅತ್ರೆ ಅಕ್ಕಿ ಕೋಣೆ."

"ಹೌದಾ?"

"ಬಾಗಿಲು ಹಾಕ್ತಾರೆ. ಕತ್ಲೆ. ಇಲಿ ಇದೆ."

ಎಡ್ನಾ ಇನ್ನೊಂದು ಚಿಪ್ಪು ಜೋಡಿಸಿದಳು. "ನಂಗೆ ಹೇಳಿದ್ದು ಒಳ್ಳೇದಾಯ್ತು. ನಿಂದೇನೂ ತಪ್ಪಿಲ್ಲ ಕಣೇ," ಎಂದಳು.

ಅಜ್ಜಿ ಸೌಟು ಹಿಡಿದೇ ಓಡಿ ಬಂದಳು. "ಯಾರು ಹಾಕಿದ್ದು? ರೊಸೆಂಡಾ ತಾನೆ? ಹೇಳೇ, ರೊಸೆಂಡಾ ತಾನೆ?"

ಮಗು ಎಡ್ನಾಳ ಬೆನ್ನ ಹಿಂದೆ ಅಡಗಿತು.

ರೊಸೆಂಡಾ ಬಾಲವಾಡಿಯ ಟೀಚರು. ಅಷ್ಟೇ ಅಲ್ಲ, ಲೆಟ್‌ಲೆಟ್‌ಗೆ ಇಗರ್ಜಿಯಲ್ಲಿ ಹೆಸರಿಡುವಾಗ ಎತ್ತಿಕೊಂಡು ನಿಂತ ಧರ್ಮತಾಯಿ. ಅಜ್ಜಿಯ ಗಂಡ ತೀರಿಕೊಂಡಾಗ ಒಂಬತ್ತು ದಿನವೂ ಪ್ರಾರ್ಥನೆಗೆ ಬಂದು ಪಾತ್ರೆ ತೊಳೆದವಳು. ಅಜ್ಜಿಗೆ ಮೊದಲು ಸಂತೆಯಲ್ಲೇ ಅವಳ ಜುಟ್ಟು ಹಿಡಿಯಬೇಕೆನ್ನಿಸಿತು. ಮರುಗಳಿಗೆ ಸೌಟು ಕೆಳಗಿಟ್ಟು ಕೂತಳು.

"ಬೇಡ ಎಡ್ನಾ. ಅವಳನ್ನ ಕರೆದು ಕಾಫಿ ಕೊಟ್ಟು ಕೇಳ್ತೀನಿ. ಕ್ಯಾಪ್ಟನ್ ಇಬ್ಬರ ಕೈ ಸೇರಿಸಲಿ, ಒಂದು ಕೋಳಿ ಕುಯ್ದು ಊಟ ಹಾಕಿ ಮುಗಿಸೋಣ. ನಮ್ಮಲ್ಲಿ ಎಲ್ಲ ಜಗಳಾನೂ ಹಾಗೇ ತಾನೆ ಮುಗಿಯೋದು?"

"ಬೇಲಿ ಜಗಳಕ್ಕೆ ಕೋಳಿ ಕುಯ್ಯಿ ಅಜ್ಜಿ, ನಾನೂ ಊಟಕ್ಕೆ ಬರ್ತೀನಿ. ಮಗೂ ವಿಷಯ ಕೈ ಸೇರಿಸಿ ಮುಗಿಸೋದಲ್ಲ. ನಾವು ರಾಜಿ ಆಗಿಬಿಟ್ರೆ ನಾಳೆ ಆ ಕೋಣೇಲಿ ಇನ್ನೊಂದು ಮಗು ಇರುತ್ತೆ."

"ಹೊಗೆ ಇದ್ರೆ ಬೆಂಕಿ ಇರ್ಲೇಬೇಕು. ಅವಳೇ ಮಾಡಿರೋದು."

"ನಮಗೆ ಕಂಡಿದ್ದು ಹೊಗೆ. ಬೆಂಕಿ ಎಲ್ಲಿ ಅಂತ ಹುಡುಕೋದು ಅದಕ್ಕೆ ಅಂತ ಇರೋರ ಕೆಲಸ. ರೊಸೆಂಡಾ ಹೆಸರು ಮಗು ಬಾಯಲ್ಲಿ ಬರಲಿಲ್ಲ, ನಿಮ್ಮ ಬಾಯಲ್ಲಿ ಬಂತು. ಮಗು ಏನು ಹೇಳ್ತೋ ಅಷ್ಟೇ ಹೇಳೋಣ, ಉಪ್ಪುಖಾರ ಹಚ್ಚೋದು ಬೇಡ. ಮತ್ತೆ ಮತ್ತೆ ಕೇಳಿ ಅದನ್ನ ಹೆದರಿಸೋದೂ ಬೇಡ."

ಅಜ್ಜಿ ಮಗಳಿಗೆ ಫೋನು ಮಾಡಿದಳು. ಮಗಳು ಅತ್ತಳು, ಆಮೇಲೆ "ಎಡ್ನಾ ಹೇಳಿದ ಹಾಗೆ ಮಾಡಮ್ಮ" ಎಂದಳು. ಅಂದೇ ಅಜ್ಜಿ, ಎಡ್ನಾ ಇಬ್ಬರೂ ಜೀಪು ಹತ್ತಿ ಪುರಸಭೆಯ ಮಕ್ಕಳ ಕಲ್ಯಾಣಾಧಿಕಾರಿಯ ಬಳಿ ಹೋದರು.

ಮರುದಿನವೇ ರೊಸೆಂಡಾಳಿಗೂ ಬಾಲವಾಡಿಯಲ್ಲಿ ಗಂಜಿ ಬೇಯಿಸುವ ಹೆಂಗಸಿಗೂ ಮಕ್ಕಳ ಕೆಲಸದಿಂದ ಸದ್ಯಕ್ಕೆ ಬಿಡುವು ಕೊಟ್ಟು, ಬೇರೆ ಊರಿನ ಟೀಚರನ್ನು ಕಳಿಸಿದರು. "ಇದು ಶಿಕ್ಷೆಯಲ್ಲ, ವಿಚಾರಣೆ ಮುಗಿಯುವವರೆಗೆ ಮಾತ್ರ" ಎಂದು ಅಧಿಕಾರಿ ಸ್ಪಷ್ಟವಾಗಿ ಹೇಳಿದರು. ಒಂದೊಂದೇ ಮಗುವಿನ ಜೊತೆ ಮೆಲ್ಲಗೆ ಮಾತಾಡಿದರು.

ಆ ದಿನಗಳಲ್ಲಿ ಇಸ್ಕಾ ಅಜ್ಜಿ ಪಟ್ಟ ಪಾಡು ಯಾರಿಗೂ ಬೇಡ. ಊರ ಸುದ್ದಿಯೆಲ್ಲ ಮೊದಲು ಬೇಯುತ್ತಿದ್ದದ್ದೇ ಅವಳ ಒಲೆಯ ಮುಂದೆ. ಈಗ ಬಾಯಿಗೆ ಬೀಗ.

"ರೊಸೆಂಡಾ ಏನು ಮಾಡಿದ್ಲಂತೆ ಅಜ್ಜಿ?" ಎಂದು ಮೀನಿನವಳು ಕೇಳಿದಳು.

"ನಿಂಗೆ ಪುತೊ ಬೇಕಾ, ಬೇಡ್ವಾ?"

"ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನಂಗೇ ಗೊತ್ತಿಲ್ಲದ್ದನ್ನ ನಿಂಗೇನು ಹೇಳ್ಲಿ? ನಡಿ ಅತ್ಲಾಗೆ."

ರೊಸೆಂಡಾ ಮಾತ್ರ ಅಜ್ಜಿಯ ಮನೆಯ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟಳು. ಅದು ಅಜ್ಜಿಯ ಎದೆಯಲ್ಲಿ ಮುಳ್ಳಾಗಿ ಕೂತಿತು.

ಕೊನೆಗೆ ನಿಜ ಹೊರಬಿತ್ತು. ರೊಸೆಂಡಾ ಸಭೆಗೆಂದು ಪಟ್ಟಣಕ್ಕೆ ಹೋದ ದಿನಗಳಲ್ಲಿ, ಅಳುವ ಮಕ್ಕಳನ್ನು ಅಕ್ಕಿ ಕೋಣೆಗೆ ತಳ್ಳಿ ಚಿಲಕ ಹಾಕುತ್ತಿದ್ದವಳು ಗಂಜಿ ಬೇಯಿಸುವ ಹೆಂಗಸು. "ಹೇಳಿದ್ರೆ ಇಲಿ ಕಿವಿ ಕಚ್ಚುತ್ತೆ" ಎಂದು ಹೆದರಿಸಿಯೂ ಇದ್ದಳು. ಲೆಟ್‌ಲೆಟ್ ಒಬ್ಬಳೇ ಅಲ್ಲ, ಬೇರೆ ಮಕ್ಕಳೂ ಅದೇ ಮಾತು ಹೇಳಿದರು. ಆ ಹೆಂಗಸನ್ನು ಕೆಲಸದಿಂದ ತೆಗೆದರು, ಮುಂದಿನದನ್ನು ಕಾನೂನಿಗೆ ಬಿಟ್ಟರು. ಇನ್ನು ಮೇಲೆ ಮಕ್ಕಳ ಬಳಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕೆಂದು ಗೊತ್ತುಮಾಡಿದರು.

ರೊಸೆಂಡಾ ಕೆಲಸಕ್ಕೆ ಮರಳುವ ಮುನ್ನಾದಿನ ಅಜ್ಜಿಯ ಒಲೆಯ ಮುಂದೆ ಬಂದು ನಿಂತಳು. ಅಜ್ಜಿ ತಲೆ ಎತ್ತಲಿಲ್ಲ.

"ನಿನ್ನನ್ನ ಬೈದುಬಿಟ್ಟಿದ್ದೆ ರೊಸೆಂಡಾ, ಮನಸ್ಸಲ್ಲಿ. ಊರಿಗೆಲ್ಲ ಕೂಗಿ ಹೇಳೋಳಿದ್ದೆ. ಆಮೇಲೆ ಕಾಫಿಗೆ ಕರೆದು ಕೇಳಿ ಮುಗಿಸೋಣ ಅಂದ್ಕೊಂಡೆ."

"ಕೂಗಿದ್ರೆ ನಾನು ಈ ಊರಲ್ಲಿ ಬಾಳೋ ಹಾಗಿರ್ಲಿಲ್ಲ." ರೊಸೆಂಡಾ ಮಣೆ ಎಳೆದು ಕೂತಳು. "ಆದ್ರೆ ಕಾಫಿಗೆ ಕರೆದು ಕೇಳಿದ್ರೆ ಅದಕ್ಕಿಂತ ಕೇಡಾಗ್ತಿತ್ತು ಅಕ್ಕಾ. 'ನಮ್ಮಲ್ಲಿ ಅಂಥದ್ದೇನೂ ಇಲ್ಲ' ಅಂತಿದ್ದೆ. ನಾನೂ ಅದನ್ನೇ ನಂಬ್ತಿದ್ದೆ. ಆ ಬಾಗಿಲು ತೆಗೆದು ನೋಡ್ತಾನೇ ಇರ್ಲಿಲ್ಲ. ನನ್ನ ಮಕ್ಕಳು ಒಳಗೇ ಇರ್ತಿದ್ವು." ಅವಳು ಕಣ್ಣೊರೆಸಿಕೊಂಡಳು. "ನಂಗೆ ನೋವಾಯ್ತು, ಸುಳ್ಳು ಹೇಳಲ್ಲ. ಆದ್ರೂ ನೀವು ಅಧಿಕಾರಿಗೆ ಹೋಗಿ ಹೇಳಿದ್ದೇ ಸರಿ."

ಅಜ್ಜಿ ಬಿಸಿ ಪುತೊವನ್ನು ಬಾಳೆಲೆಯಲ್ಲಿ ಕಟ್ಟಿ ಅವಳ ಮಡಿಲಿಗೆ ಹಾಕಿದಳು.

ಅಕ್ಕಿ ಕೋಣೆಗೆ ಈಗ ಬಾಗಿಲಿಲ್ಲ. ಕ್ಯಾಪ್ಟನ್ನನೇ ಅದನ್ನು ಕಿತ್ತು, ಗಿಡ್ಡ ಕಾಲು ಜೋಡಿಸಿ, ಮಕ್ಕಳಿಗೆ ಚಿತ್ರ ಬರೆಯುವ ಮೇಜು ಮಾಡಿಕೊಟ್ಟ. ಲೆಟ್‌ಲೆಟ್ ಅದರ ಮೇಲೆ ದೊಡ್ಡದೊಂದು ಇಲಿ ಬರೆದಳು, ಅದಕ್ಕೆ ಪುತೊ ತಿನ್ನಿಸುವ ಅಜ್ಜಿಯನ್ನೂ ಬರೆದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಗುತ್ತಿದ್ದ ಮಗು ಇದ್ದಕ್ಕಿದ್ದಂತೆ ಮುದುಡಿದರೆ ದೃಷ್ಟಿ ತೆಗೆಯಿರಿ, ಬೇಡವೆನ್ನುವುದಿಲ್ಲ. ಆದರೆ ಪಕ್ಕದಲ್ಲಿ ಕೂತು ಅದರ ಮಾತನ್ನೂ ಕೇಳಿ. ಕೇಳಿದ್ದನ್ನು ಮುಚ್ಚಿಡಬೇಡಿ, ಬೀದಿಯಲ್ಲಿ ಬಿಚ್ಚಿಡಲೂ ಬೇಡಿ. ನಮ್ಮ ದೇಶದಲ್ಲಿ ಮಕ್ಕಳ ಸಹಾಯವಾಣಿ ೧೦೯೮ ಇದೆ, ಒಂದು ಕರೆ ಮಾಡಿ. ಆರೋಪ ಬಂದವರು ನಿಮ್ಮವರೇ ಆಗಿರಬಹುದು. ಅವರು ತಪ್ಪು ಮಾಡಿಲ್ಲದಿದ್ದರೆ ಅವರನ್ನು ಉಳಿಸುವುದೂ ಅದೇ ಕರೆ. ನಿಮ್ಮೂರಿನಲ್ಲೂ ಒಂದು ಅಕ್ಕಿ ಕೋಣೆ ಇದೆಯೇ? ಇವತ್ತೇ ಹೋಗಿ ಅದರ ಬಾಗಿಲು ತೆಗೆದು ನೋಡಿ.