ಎರಡು ಗೇಟಿನ ನಡುವಿನ ಹಾಲು

"ಏಯ್ ಎಮ್ಮೆ, ಪೆಟ್ಟಿಗೆ ಮೇಲೆ ಕೂತು ಮೆಲುಕು ಹಾಕ್ತಿದೀಯಾ? ಎದ್ದೇಳು."

ಮೇಸ್ತ್ರಿ ಎಮ್ಮೆ ಎನ್ನುವುದು ಈ ಬಾಣಂತಿಯನ್ನು ಮಾತ್ರ. ಉಳಿದ ಕೂಲಿಗಳೆಲ್ಲ ಅವನ ಬಾಯಲ್ಲಿ ಸೂಳೆಮಕ್ಕಳು. ಅವಳು ಎದ್ದು ಮಾಂಸದ ಪೆಟ್ಟಿಗೆಯನ್ನು ತಲೆಗೇರಿಸಿಕೊಂಡಳು.

ಗಡಿಯ ಎರಡು ಗೇಟುಗಳ ನಡುವೆ ಆ ಶೆಡ್ಡು. ಮೊದಲು ಲಾರಿಗಳು ಆ ಗೇಟಿನಲ್ಲಿ ನುಗ್ಗಿ ಈ ಗೇಟಿನಲ್ಲಿ ಹೊರಬೀಳುತ್ತಿದ್ದವು. ಈಗ ಹೊಸ ಕಾನೂನು. ಮಾಂಸ, ಬೆಣ್ಣೆ, ಮೊಟ್ಟೆ, ಪ್ರಾಣಿಯಿಂದ ಬಂದದ್ದು ಏನೇ ಇರಲಿ, ಇಳಿಸಬೇಕು, ಬಿಚ್ಚಬೇಕು, ಪಶುವೈದ್ಯರು ನೋಡಬೇಕು, ಮತ್ತೆ ಕಟ್ಟಿ ಏರಿಸಬೇಕು. ವೈದ್ಯರು ಒಬ್ಬರೇ. ಲಾರಿಗಳ ಸಾಲು ಹನುಮಂತನ ಬಾಲ. ಕಾದು ಕಾದು ಮಾಲು ಹಳಸಿದರೆ ವ್ಯಾಪಾರಿ ಗುತ್ತಿಗೆದಾರನನ್ನು ಬೈಯುತ್ತಾನೆ, ಗುತ್ತಿಗೆದಾರ ಮೇಸ್ತ್ರಿಯನ್ನು. ಮೇಸ್ತ್ರಿಗೆ ಕೂಲಿಗಳಿದ್ದಾರೆ. ವೈದ್ಯರು ಪ್ರತಿ ಲಾರಿಯಿಂದ ಎಳೆಯ ತುಂಡೊಂದನ್ನು ಪರೀಕ್ಷೆಗೆಂದು ಒಳಗೆ ಒಯ್ಯುತ್ತಾರೆ. ಮಧ್ಯಾಹ್ನ ಅವರ ಕೋಣೆಯಿಂದ ಪರೀಕ್ಷೆ ಹುರಿಯುವ ವಾಸನೆ ಬರುತ್ತದೆ.

ಅವಳ ಕೂಸು ಈ ಗೇಟಿನ ಹೊರಗೆ, ಅತ್ತೆಯ ತೊಡೆಯ ಮೇಲಿತ್ತು. ಪಾಳಿಯ ನಡುವೆ ಹೊರಗೆ ಕಾಲಿಟ್ಟರೆ ಕೆಲಸ ಹೋಯಿತು. ಅದಕ್ಕೇ ಅವಳು ಪೆಟ್ಟಿಗೆಗಳ ಮರೆಯಲ್ಲಿ ಹಾಲು ಹಿಂಡಿ ಬಾಟಲಿಗೆ ತುಂಬುತ್ತಿದ್ದಳು. ಮಾಲಿನಿಂದ ಉದುರಿದ ಐಸಿನಲ್ಲಿ ಹೂತಿಟ್ಟು, ಊಟದ ಹೊತ್ತಿಗೆ ಗೇಟಿನಲ್ಲಿ ಅತ್ತೆಗೆ ದಾಟಿಸುತ್ತಿದ್ದಳು. ಕಾವಲುಗಾರ ಕಂಡೂ ಕಾಣದಂತಿರುತ್ತಿದ್ದ. ಇಂದು ಅವನ ಪಕ್ಕದಲ್ಲಿ ವೈದ್ಯರು ನಿಂತಿದ್ದರು.

"ಏನಿದು?"

"ಹಾಲು ಸಾರ್."

"ಅದು ಕಾಣ್ತಿದೆ. ಯಾವ ಪ್ರಾಣೀದು?"

"ನಂದೇ ಸಾರ್."

ಕಾವಲುಗಾರ ಕಿಸಕ್ಕನೆ ನಕ್ಕ. ವೈದ್ಯರು ಬಾಟಲಿಯನ್ನು ಕೆನ್ನೆಗೊತ್ತಿ ನೋಡಿದರು.

"ತಣ್ಣಗಿದೆಯಲ್ಲ. ಮೊಲೆಯಿಂದ ತಣ್ಣನೆ ಹಾಲು ಬರುತ್ತಾ? ಲಾರಿ ಮಾಲು ಕದ್ದಿದೀಯ."

"ಕೆಡಬಾರದು ಅಂತ ಐಸಲ್ಲಿಟ್ಟಿದ್ದೆ ಸಾರ್."

"ಆಯ್ತು, ನಿಂದೇ ಅಂತಿಟ್ಕೋ. ಈ ಶೆಡ್ಡಿಂದ ಆಚೆ ಹೋಗೋ ಹಾಲೆಲ್ಲ ಆಮದೇ. ಆರೋಗ್ಯದ ಸರ್ಟಿಫಿಕೇಟ್ ಎಲ್ಲಿ?"

"ಬೆಳಗ್ಗೆಯಿಂದ ಮೇಸ್ತ್ರಿ ನನ್ನನ್ನ ಎಮ್ಮೆ ಅಂತಾನೇ ಕರೀತಿದಾರೆ. ನೀವು ದನದ ಡಾಕ್ಟ್ರು. ಇಲ್ಲೇ ನೋಡಿ ಬರ್ಕೊಟ್ಬಿಡಿ."

ವೈದ್ಯರ ಕಿವಿ ಕೆಂಪಾಯಿತು. ಮುಚ್ಚಳ ತೆಗೆದು, ಹಳಸಿದ ಮಾಂಸ ಹಾಕುವ ಡ್ರಮ್ಮಿಗೆ ಬಾಟಲಿ ಬಗ್ಗಿಸಿದರು. ಬೆಳಗಿನಿಂದ ಕದ್ದು ಕದ್ದು ಹಿಂಡಿದ್ದು ಖಾಲಿಯಾಗಲು ಒಂದು ಉಸಿರಿನ ಹೊತ್ತೂ ಹಿಡಿಯಲಿಲ್ಲ. ಬರಿ ಬಾಟಲಿಯನ್ನು ಮರ್ಯಾದೆಯಿಂದ ಹಿಂದಿರುಗಿಸಿದರು.

ಹೊರಗೆ ಕೂಸು ಕಿರುಚಿತು. ಇವಳ ಅಂಗಿಯ ಎದೆ ತಾನಾಗಿ ಒದ್ದೆಯಾಯಿತು.

"ಬೇಗ ಕೊಡೇ ತಾಯಿ, ಗಂಟಲು ಹರ್ಕೊಳ್ತಿದೆ," ಎಂದಳು ಅತ್ತೆ.

ಅಷ್ಟರಲ್ಲಿ ಲಾರಿಯೊಂದರ ಕಾಗದಕ್ಕೆ ಮುದ್ರೆ ಬಿತ್ತು, ಗೇಟಿನ ಅಡ್ಡಗಂಬ ಮೇಲೆದ್ದಿತು. ಅವಳು ನಡೆದು ಹೋಗಿ ಕಂಬದಡಿಯ ಹಳದಿ ಗೆರೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು.

"ಕೂಸನ್ನ ಇಲ್ಲಿ ಕೊಡಿ ಅತ್ತೆ."

"ಹೊರಗೆ ಹೋದ್ಯೋ, ಕೆಲಸ ಹೋಯ್ತು," ಎಂದ ಕಾವಲುಗಾರ.

"ನಾನು ಹೊರಗೆ ಹೋಗಿಲ್ಲಣ್ಣ, ಕೂಸು ಒಳಗೆ ಬಂದಿಲ್ಲ. ಮಧ್ಯದಲ್ಲಿರೋ ಹಾಲನ್ನ ಹಿಡ್ಕೊಳ್ಳೋದಾದ್ರೆ ಹಿಡ್ಕೊಳ್ಳಿ."

ಲಾರಿಯವನು ಹಾರ್ನ್ ಹೊಡೆದ. ಹಿಂದಿನವನು ಹೊಡೆದ. ಆಮೇಲೆ ಮುಂದಿನವನು ಎಂಜಿನ್ ಆರಿಸಿ ಬೀಡಿ ಹಚ್ಚಿದ. ಮೇಸ್ತ್ರಿ ಏದುಸಿರು ಬಿಡುತ್ತ ಓಡಿಬಂದ.

"ಏಳೇ ಮುಂಡೆ, ಮಾಲೆಲ್ಲ ಕೊಳೆತು ಹೋಗುತ್ತೆ."

"ಕೂಸು ಕುಡೀತಿದೆ."

ಲಾರಿಯ ತಳದಿಂದ ತೊಟ್ಟಿಕ್ಕಿದ ಕೆಂಪು ನೀರು ಹರಿದು ಬಂದು ಅವಳ ಬಟ್ಟೆಯ ಅಂಚು ತೋಯಿಸಿತು. ಅವಳು ಸರಿಯಲಿಲ್ಲ. ವೈದ್ಯರು ಒಂದು ಸಲ ಬಿಸಿಲನ್ನು, ಒಂದು ಸಲ ಲಾರಿಗಳ ಸಾಲನ್ನು ನೋಡಿದರು. ಕೂಸು ಮೊಲೆಯಿಂದ ಬಾಯಿ ತೆಗೆದು ನಿಟ್ಟುಸಿರು ಬಿಟ್ಟಿತು.

"ಆಯ್ತಲ್ಲ, ಏಳಮ್ಮ," ಎಂದ ಮೇಸ್ತ್ರಿ. ಅಮ್ಮ ಎಂದದ್ದು ಅವನಿಗೇ ತಿಳಿಯಲಿಲ್ಲ.

ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು, ತೇಗು ಬರುವವರೆಗೂ ನಿಧಾನವಾಗಿ ಬೆನ್ನು ತಟ್ಟಿದಳು. ಆಮೇಲೆ ಇನ್ನೊಂದು ಮೊಲೆಗೆ ಹಾಕಿಕೊಂಡಳು.