ಮಂಡಕ್ಕಿ ಹಿಂಡುವ ಕೈ

ಸಿರುಗುಪ್ಪದ ಬಸ್ ನಿಲ್ದಾಣದ ಎದುರು ಇಪ್ಪತ್ತೆರಡು ವರ್ಷ ಮಂಡಕ್ಕಿ ವಗ್ಗರಣಿ, ಮಿರ್ಚಿ ಮಾರಿದ ಗಾದೆಮ್ಮನಿಗೆ ಅವಳ ಎಡಗೈ ಕೈಕೊಟ್ಟದ್ದು ಒಂದು ಸೋಮವಾರ ಬೆಳಿಗ್ಗೆ. ನೆನೆಸಿದ ಮಂಡಕ್ಕಿಯನ್ನು ಎರಡೂ ಕೈಯಲ್ಲಿ ಹಿಂಡಿ ಹಿಂಡಿ ಬುಟ್ಟಿಗೆ ಹಾಕುತ್ತಿದ್ದಳು. ಎಡಗೈ ಹಿಡಿ ತಾನಾಗಿಯೇ ಬಿಚ್ಚಿಕೊಂಡಿತು. ಮತ್ತೆ ಹಿಡಿದಳು, ಮತ್ತೆ ಬಿಚ್ಚಿತು. ಹತ್ತಿರದ ಕರೂರಿನಿಂದ ಕೂಲಿಗೆ ಬಂದಿದ್ದ ಹೆಂಗಸರು ತಟ್ಟೆಗಾಗಿ ಕಾಯುತ್ತಿದ್ದರು. ಅವರಲ್ಲಿ ಒಬ್ಬಳು ಹತ್ತಿರ ಬಂದು ನೋಡಿ, "ಗಾದೆಮ್ಮಕ್ಕ, ನಿನ್ನ ಬಾಯಿ ಯಾಕ ಒಂದು ಕಡಿ ಎಳದೈತಿ?" ಅಂದಳು. ಆ ಹೆಣ್ಣುಮಗಳು ಹೊತ್ತಿಗೆ ಸರಿಯಾಗಿ ಕೇಳಿದ್ದೇ ಪುಣ್ಯ. ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಮಗ ಗುರುಸ್ವಾಮಿ ಓಡಿ ಬಂದು, ಸಿಕ್ಕ ಕಾರಿನಲ್ಲಿ ಅವ್ವನನ್ನು ಕೂರಿಸಿಕೊಂಡು ಬಳ್ಳಾರಿಯ ಆಸ್ಪತ್ರೆಯ ದಾರಿ ಹಿಡಿದ.

ಲಕ್ವ ಹೊಡೆದಿತ್ತು. ಎಂಟು ದಿನಕ್ಕೆ ಜೀವಕ್ಕೆ ಭಯವಿಲ್ಲ ಅಂದರು. ಮಾತು ತಿರುಗಿ ಬಂತು. ಎಡಗೈ, ಎಡಗಾಲು ಮಾತ್ರ ಯಾರದೋ ಕೈಕಾಲು ತಂದು ತನಗೆ ಕಟ್ಟಿದ ಹಾಗೆ ಜೋತಾಡುತ್ತಿದ್ದವು.

"ನಮ್ಮ ಕೆಲಸ ಮುಗೀತು. ಆದ್ರ ಈಗ ನೆಟ್ಟಗ ಮನಿಗೆ ಹೋದ್ರ ಮಂಚಾನ ಗತಿ," ಅಂದರು ಡಾಕ್ಟರು. "ನಡುವ ಒಂದು ತಿಂಗಳು ಚೇತರಿಕೆ ಕೇಂದ್ರದಾಗ ಇರಲಿ."

ಆ ಕೇಂದ್ರ ಇದ್ದದ್ದು ಬಳ್ಳಾರಿಯದೇ ಕೌಲ್ ಬಜಾರಿನ ಒಂದು ಓಣಿಯಲ್ಲಿ, ಗ್ಯಾರೇಜಿನ ಪಕ್ಕಕ್ಕೆ. ನೋಡಲಿಕ್ಕೆ ಆಸ್ಪತ್ರೆಯ ಹಾಗೆ ಇರಲಿಲ್ಲ. ಮನೆಯಲ್ಲಿರುವಂಥದೇ ಮಂಚ, ಗ್ಯಾಸಿನ ಒಲೆ ಇಟ್ಟ ಅಡಿಗೆಮನೆ, ಗೋಡೆಗೆ ಕಬ್ಬಿಣದ ಹಿಡಿ ಹಾಕಿದ ಬಚ್ಚಲು. ಅಂಗಳದಲ್ಲಿ ಮಾತ್ರ ಒಂದು ವಿಚಿತ್ರ. ಮೂರು ಮೆಟ್ಟಿಲು ಕಟ್ಟಿದ್ದರು. ಮೇಲೆ ಬಾಗಿಲೂ ಇಲ್ಲ, ಮಾಳಿಗೆಯೂ ಇಲ್ಲ.

"ಇವನ್ನ ಹತ್ತಿ ಎಲ್ಲಿಗೆ ಹೋಗೋದು ತಂಗಿ?" ಗಾದೆಮ್ಮ ಕೇಳಿದಳು.

"ತಿರುಗಿ ಇಳ್ಯಾಕ," ಅಂದಳು ಅಕ್ಷತಾ.

ಅಕ್ಷತಾ ಅಲ್ಲಿಯ ಥೆರಪಿಸ್ಟ್. ಉಣ್ಣುವುದು, ಉಡುವುದು, ಮೀಯುವುದು, ಅಡಿಗೆ ಮಾಡುವುದು, ಹೀಗೆ ದಿನದ ಕೆಲಸಗಳನ್ನು ರೋಗಿಗಳಿಗೆ ಮತ್ತೆ ಮೊದಲಿನಿಂದ ರೂಢಿ ಮಾಡಿಸುವ ಹುಡುಗಿ. ಮೊದಲ ದಿನವೇ ಗಾದೆಮ್ಮನ ಎಡಗೈಯಲ್ಲಿ ಹಳದಿ ರಬ್ಬರ್ ಚೆಂಡೊಂದನ್ನು ಇಟ್ಟು, ದಿನಕ್ಕೆ ನೂರು ಸಲ ಹಿಚುಕಲು ಹೇಳಿದಳು. ಮೂರನೆಯ ದಿನ ಆ ಚೆಂಡು ಮಂಚದ ಕೆಳಗೆ ಮೂಲೆಯಲ್ಲಿ ಸಿಕ್ಕಿತು.

"ನಾನೇನು ಸಣ್ಣ ಕೂಸಾ, ಚೆಂಡಾಡಾಕ?" ಗಾದೆಮ್ಮ ಮುಖ ತಿರುಗಿಸಿದಳು.

ಅಕ್ಷತಾ ಸಿಟ್ಟಾಗಲಿಲ್ಲ. ಸ್ಟೂಲು ಎಳೆದುಕೊಂಡು ಪಕ್ಕಕ್ಕೆ ಕೂತಳು. "ಆತು, ಬಿಡ್ರಿ. ಮನಿಗೆ ಹೋದ ಮ್ಯಾಲೆ ನಿಮ್ಮ ಕೈಯಾರೆ ಮೊದಲು ಏನು ಮಾಡಬೇಕು ಅನಸ್ತೈತಿ, ಅದನ್ನ ಹೇಳ್ರಿ."

ಗಾದೆಮ್ಮ ತಿರುಗಿ ಅವಳ ಮುಖ ನೋಡಿದಳು. ಇಷ್ಟು ದಿನದಲ್ಲಿ ಎಲ್ಲರೂ ಕೇಳಿದ್ದು ನೋವು ಐತಾ, ಗುಳಿಗಿ ನುಂಗಿದಿರಾ ಅಂತ. ನಿನಗೇನು ಬೇಕು ಅಂತ ಯಾರೂ ಕೇಳಿರಲಿಲ್ಲ.

"ಮಂಡಕ್ಕಿ ಹಿಂಡಬೇಕು," ಅಂದಳು.

ಮರುದಿನ ಅಕ್ಷತಾ ಬಜಾರಿನಿಂದ ಒಂದು ಚೀಲ ಮಂಡಕ್ಕಿ ಹೊತ್ತು ತಂದಳು. ಬೋಗುಣಿಯಲ್ಲಿ ನೆನೆಸಿ ಗಾದೆಮ್ಮನ ಮುಂದೆ ಇಟ್ಟಳು. ಮೊದಲ ದಿನ ನೀರು ಮೊಳಕೈತನಕ ಇಳಿಯಿತೇ ಹೊರತು ಮಂಡಕ್ಕಿ ಹಿಂಡಲಾಗಲಿಲ್ಲ. ವಗ್ಗರಣಿ ಗಂಜಿಯಾಯಿತು. ಗಾದೆಮ್ಮ ತಾನೇ ಒಂದು ತುತ್ತು ಬಾಯಿಗೆ ಹಾಕಿಕೊಂಡು, "ಇದನ್ನ ಮಾರಿದ್ರ ಜನ ಬೆನ್ನಟ್ಟಿ ಹೊಡೀತಾರ," ಎಂದು ನಕ್ಕಳು. ಆಸ್ಪತ್ರೆಗೆ ಸೇರಿದ ಮೇಲೆ ನಕ್ಕದ್ದು ಅದೇ ಮೊದಲು.

ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ಬೆಳಿಗ್ಗೆ ಎದ್ದರೆ ಮಂಡಕ್ಕಿ, ಸಂಜೆಗೆ ಮೂರು ಮೆಟ್ಟಿಲು. ಒಂದೇ ಕೈಯಲ್ಲಿ ಉಳ್ಳಾಗಡ್ಡಿ ಹೆಚ್ಚಲಿಕ್ಕೆ ಅಕ್ಷತಾ ಒಂದು ಮಣೆಗೆ ಮೊಳೆ ಹೊಡೆಸಿ ತಂದಳು. ಮೊಳೆಗೆ ಉಳ್ಳಾಗಡ್ಡಿ ಚುಚ್ಚಿ ನಿಲ್ಲಿಸಿದರೆ ಅದು ಜಾರುವುದಿಲ್ಲ, ಬಲಗೈಯಲ್ಲಿ ಹೆಚ್ಚುತ್ತಾ ಹೋಗಬಹುದು. ಎರಡು ವಾರಕ್ಕೆ ವಗ್ಗರಣಿ ಉದುರು ಉದುರಾಗಿ ಬಂತು. ವಾಸನೆಗೆ ಗ್ಯಾರೇಜಿನವರೂ ಬಾಗಿಲಿಗೆ ಬಂದು ನಿಂತರು. ತಿಂಗಳು ತುಂಬುವಷ್ಟರಲ್ಲಿ ಕೋಲು ಹಿಡಿದು ತಾನೇ ನಡೆದು ಹೋಗಿ ಕಾರು ಹತ್ತಿದಳು.

ಮನೆಯಲ್ಲಿ ಪ್ರೀತಿ ಕಾದು ಕುಳಿತಿತ್ತು. ಸೊಸೆ ಅನುಷಾ ಪಡಸಾಲೆಯಲ್ಲಿ ಹೊಸ ಹಾಸಿಗೆ ಹಾಸಿದ್ದಳು. ಗುರುಸ್ವಾಮಿ ಮಂಚಕ್ಕೆ ಸೈಕಲ್ಲಿನ ಗಂಟೆ ಬಿಗಿದಿದ್ದ. ಏನು ಬೇಕಾದರೂ ಗಂಟೆ ಬಾರಿಸಿದರೆ ಸಾಕು. ಗಾದೆಮ್ಮ ಕೋಲಿಗೆ ಕೈ ಹಾಕಿದರೆ ಅನುಷಾ ಓಡಿ ಬರುವಳು. "ಅತ್ತಿ, ನೀವು ಕುಂದರ್ರಿ. ನಾ ತರ್ತೀನಿ." ನೀರು ಬಾಯಿಗೆ, ಅನ್ನ ಕಲಸಿ ಕೈಗೆ, ತಲೆ ಬಾಚುವುದೂ ಸೊಸೆಯೇ. ಬಂದು ಹೋಗುವ ನೆಂಟರೆಲ್ಲ ಇಂಥ ಸೊಸೆ ಸಿಗಬೇಕಾದರೆ ಏಳು ಜನ್ಮದ ಪುಣ್ಯ ಬೇಕು ಅಂದರು. ಗಾದೆಮ್ಮನೂ ತಲೆದೂಗಿದಳು. ಹದಿನೈದು ದಿನಕ್ಕೆ ಎಡಗೈ ಬೆರಳು ಬಿಗಿದು ಮಡಚಿಕೊಂಡವು. ಏಳಬೇಕಾದರೆ ಇಬ್ಬರು ಎತ್ತಬೇಕಾಯಿತು.

ಮನೆಗೆ ಹೋದವರು ಹೇಗಿದ್ದಾರೆಂದು ನೋಡಿಕೊಂಡು ಬರುವುದೂ ಅಕ್ಷತಾಳ ಕೆಲಸವೇ. ಒಂದು ಭಾನುವಾರ ಬಂದವಳು ಚಹಾ ಕುಡಿಯುತ್ತಾ ಮಂಚ, ಗಂಟೆ, ಮೂಲೆಗೆ ಒರಗಿಸಿದ ಕೋಲು, ಎಲ್ಲವನ್ನೂ ನೋಡಿದಳು. ಬೈಯಲಿಲ್ಲ.

"ಗುರುಸ್ವಾಮಿಯವರ, ಇವತ್ತು ನಿಮಗ ರಜಾ ಅಲ್ಲೇನ್ರಿ? ಮಧ್ಯಾಹ್ನದತನಕ ನೀವು ಈ ಮಂಚದ ಮ್ಯಾಲೆ ಇರ್ರಿ. ಏಳಂಗಿಲ್ಲ. ಏನು ಬೇಕಂದ್ರೂ ಗಂಟಿ ಬಾರಸ್ರಿ."

ಗುರುಸ್ವಾಮಿ ಅವ್ವನನ್ನು ಕುರ್ಚಿಗೆ ಕೂರಿಸಿ, ನಗುತ್ತಲೇ ಮಂಚದ ಮೇಲೆ ಕಾಲು ಚಾಚಿದ. ಅರ್ಧ ತಾಸು ರಾಜನ ಹಾಗಿದ್ದ. ಆಮೇಲೆ ಬೆನ್ನು ತುರಿಸಿತು. ಚಹಾ ಬಂತು, ಆರಿತ್ತು. ಫ್ಯಾನ್ ಜೋರಾಯಿತು, ಸಣ್ಣದು ಮಾಡಲು ಗಂಟೆ ಬಾರಿಸಿದ. ಅನುಷಾ ಒಳಗಿಂದ "ಬಂದೆ, ಬಂದೆ" ಅಂದಳು, ಬರಲಿಲ್ಲ. ಬಚ್ಚಲಿಗೆ ಹೋಗಬೇಕಾಯಿತು. ಅದನ್ನು ಅಕ್ಷತಾಳ ಮುಂದೆ ಹೇಳಲು ನಾಚಿಕೆ. ಒಂದೂಕಾಲು ತಾಸಿಗೆ ಹಾಸಿಗೆ ಒದ್ದು ಎದ್ದ.

ಬಚ್ಚಲಿನಿಂದ ಬಂದವನು ಅವ್ವನ ಎದುರು ನಿಂತ. "ಹದಿನೈದು ದಿನ ಹೆಂಗ ಕುಂತೀಬೇ ನೀನು?"

"ನೀವು ಇಷ್ಟು ಪ್ರೀತಿಲೆ ಮಾಡಾಕತ್ತಿದ್ರಿ," ಅಂದಳು ಗಾದೆಮ್ಮ. "ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

ಅನುಷಾ ಕಣ್ಣೊರೆಸಿಕೊಂಡಳು. "ಅತ್ತಿ ಬಿದ್ದು ಏನರ ಆದ್ರ ಊರಾಗ ಎಲ್ಲಾರೂ ನನಗ ಅಂತಾರ್ರಿ ಮೇಡಂ. ಆ ಅಂಜಿಕಿಗೆ ನಾ ಏಳಾಕ ಬಿಡಲಿಲ್ಲ."

"ನಿಮ್ಮ ಅಂಜಿಕಿ ಖರೇ ಐತಿ," ಅಂದಳು ಅಕ್ಷತಾ. "ಎಲ್ಲಿ ಬೀಳ್ತಾರ, ಅದನ್ನ ನೋಡೋಣು ಬರ್ರಿ."

ಗಾದೆಮ್ಮನನ್ನು ಎಬ್ಬಿಸಿ ಕೋಲು ಕೈಗೆ ಕೊಟ್ಟು, ಮೂವರೂ ಅವಳ ಹಿಂದೆ ಮೆಲ್ಲಗೆ ಮನೆಯೆಲ್ಲ ನಡೆದರು. ಬಚ್ಚಲ ಕಲ್ಲು ಜಾರುತ್ತಿತ್ತು. ಗುರುಸ್ವಾಮಿ ಅದೇ ವಾರ ಗೋಡೆಗೆ ಪೈಪಿನ ಹಿಡಿ ಕೂರಿಸಿದ. ಎತ್ತರದ ಹೊಸ್ತಿಲ ಹೊರಗೆ ಒಂದು ಮೆಟ್ಟಿಲು ಹೆಚ್ಚಿಗೆ ಕಟ್ಟಿಸಿದ. ಗಂಟೆಯನ್ನು ಬಿಚ್ಚಿ ತನ್ನ ಸೈಕಲ್ಲಿಗೆ ಹಾಕಿಕೊಂಡ. ಅನುಷಾ ಒಂದು ಕಲಿತಳು. ಅತ್ತೆ ಏಳುವಾಗ ಹತ್ತಿರ ನಿಲ್ಲುವುದು, ಕೈ ಹಚ್ಚದಿರುವುದು. ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ ಅಂತ ಆಮೇಲೆ ಅವಳೇ ಹೇಳಿದಳು.

ಎರಡು ತಿಂಗಳಿಗೆ ಬಸ್ ನಿಲ್ದಾಣದ ಎದುರು ಗಾದೆಮ್ಮನ ತಳ್ಳುಬಂಡಿ ಮತ್ತೆ ಬಂದು ನಿಂತಿತು. ಕಾದ ಎಣ್ಣೆಯ ಹತ್ತಿರ ಹೋಗಬಾರದೆಂದು ಅಕ್ಷತಾ ಕಟ್ಟಪ್ಪಣೆ ಮಾಡಿದ್ದರಿಂದ ಮಿರ್ಚಿ ಕರಿಯುವುದು ಅನುಷಾಳ ಪಾಲಿಗೆ ಬಂತು. ಗಾದೆಮ್ಮ ಎತ್ತರದ ಸ್ಟೂಲಿನ ಮೇಲೆ ಕೂತು ಮಂಡಕ್ಕಿ ಹಿಂಡುವಳು. ಆಗೊಮ್ಮೆ ಈಗೊಮ್ಮೆ ಎಡಗೈಯಿಂದ ತಟ್ಟೆ ಜಾರಿ ಬೀಳುತ್ತಿತ್ತು. ಬಿದ್ದರೆ ಇನ್ನೊಂದು ಹಾಕಿ ಕೊಡುವಳು.

ಒಂದು ದಿನ ಅಕ್ಷತಾ ಫೋನ್ ಮಾಡಿದಳು. ಕುರುಗೋಡಿನಲ್ಲಿ ಗುರುಬಸಮ್ಮ ಅಂತ ಒಬ್ಬ ಹಿರಿಯರಿದ್ದಾರೆ. ಸೊಂಟದ ಚಪ್ಪೆ ಮೂಳೆ ಮುರಿದು, ಆಪರೇಷನ್ ಆಗಿ, ಎಲ್ಲಾ ಕೂಡಿಕೊಂಡಿದೆ. ಆದರೆ ಮತ್ತೆ ಬಿದ್ದೇನೆಂಬ ಹೆದರಿಕೆಗೆ ಹಾಸಿಗೆ ಬಿಟ್ಟು ಏಳುತ್ತಿಲ್ಲ. "ನನ್ನ ಮಾತು ಕೇಳವಲ್ಲರು. ನೀವೊಂದು ಸಲ ಹೋಗಿ ಮಾತಾಡಿ ಬರ್ತೀರೇನ್ರಿ?"

ಗಾದೆಮ್ಮ ಒಬ್ಬಳೇ ಬಸ್ಸು ಹತ್ತಿದಳು. ಅನುಷಾ ಕೆಳಗೆ ಹತ್ತಿರವೇ ನಿಂತಿದ್ದಳು, ಕೈ ಹಚ್ಚಲಿಲ್ಲ.

ಗುರುಬಸಮ್ಮ ಬಿಳಿ ಸೀರೆಯ, ಹಣೆತುಂಬ ವಿಭೂತಿಯ, ಮಾತಿನ ಹೆಂಗಸು. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಗಾದೆಮ್ಮ ತನ್ನ ಕಥೆಯನ್ನೆಲ್ಲ ಹೇಳಿದಳು. ಚೆಂಡು, ಮಂಡಕ್ಕಿ, ಗಂಟೆ, ಒಂದನ್ನೂ ಬಿಡಲಿಲ್ಲ. ಗುರುಬಸಮ್ಮ ಹೊಟ್ಟೆ ಹಿಡಿದು ನಕ್ಕಳು. ಆದರೆ ಕೊನೆಗೆ, "ನಿನಗ ಧೈರ್ಯ ಐತೆವ್ವ. ನನ್ನ ಕಾಲು ನೆಲಕ್ಕ ಇಟ್ರ ನಡುಗತೈತಿ," ಅಂದಳು. ಪಕ್ಕದಲ್ಲೇ ಇದ್ದ ವಾಕರಿನ ಮೇಲೆ ಯಾರದೋ ಟವೆಲ್ಲು ಒಣಗಲು ಹಾಕಿದ್ದರು.

ಅಷ್ಟು ಮಾತಾಡಿ ಗಾದೆಮ್ಮನ ಗಂಟಲು ಒಣಗಿತ್ತು. "ಅಕ್ಕಾರ, ಸ್ವಲ್ಪ ನೀರು?"

"ನನ್ನ ಚೊಂಬು ಬರಿದಾಗೈತಿ. ಅಡಿಗಿಮನ್ಯಾಗ ಡಬ್ಬಿಯೊಳಗ ಬೆಲ್ಲ ಐತಿ, ಬಿಂದಿಗ್ಯಾಗ ನೀರು. ನಮ್ಮ ಮನಿಗೆ ಬಂದವರು ಬರೀ ನೀರು ಕುಡೀಬಾರದು. ತಗೊಂಡ್ ಬಾ."

ಗಾದೆಮ್ಮ ಒಳಗೆ ಹೋದಳು. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು. ಕಂಕುಳಲ್ಲಿ ಹಿಡಿದು ತಿರುಗಿಸಿದಳು, ಜಾರಿತು. ಕಟ್ಟೆಗೆ ಒತ್ತಿ ಹಿಡಿದಳು, ಎಡಗೈ ಸೋತಿತು. ಹಿಂಡುವ ಬಲ ಬಂದಿತ್ತು, ಹೀಗೆ ಬಿಗಿಹಿಡಿಯುವ ಬಲ ಇನ್ನೂ ಬಂದಿರಲಿಲ್ಲ. ಹಟಕ್ಕೆ ಬಿದ್ದು ಮತ್ತೊಮ್ಮೆ ತಿರುಗಿಸಿದಾಗ ಡಬ್ಬಿ ಕೈತಪ್ಪಿ ನೆಲಕ್ಕೆ ಬಿದ್ದು ಉರುಳಿತು.

"ಏನಾತವ್ವ?"

"ಏನಿಲ್ರಿ. ಮುಚ್ಚಳ ತೆಗ್ಯಾಕ ಬರವಲ್ದು. ಇನ್ನೊಂದು ಕೈ ಬೇಕಾಗೇತಿ."

ಹೊರಗೆ ಮಂಚ ಕಿರ್ರೆಂದಿತು. ವಾಕರಿನ ಕಾಲು ನೆಲಕ್ಕೆ ಟಕ್ಕೆಂದು ಬಡಿಯಿತು. ಮತ್ತೆ ಟಕ್. ನಡುನಡುವೆ ಗುರುಬಸಮ್ಮನ ಗೊಣಗಾಟ. "ಆ ಮುಚ್ಚಳ ಬಿಗಿ ಐತಿ ಅಂತ ಸೊಸಿಗೆ ಎಷ್ಟು ಸಲ ಹೇಳೀನಿ... ಬಂದವರಿಗೆ ಬೆಲ್ಲ ಸಿಗಂಗಿಲ್ಲ ಅಂದ್ರ ಮನಿ ಮರ್ಯಾದಿ ಏನುಳೀತು..." ಗಾದೆಮ್ಮ ನಿಂತಲ್ಲೇ ನಿಂತಳು. ಹೋಗಿ ಹಿಡಿಯಬೇಕೆಂದು ಕೈ ತವಕಿಸಿತು. ಅನುಷಾ ಹೇಳಿದ ಕಷ್ಟದ ಕೆಲಸ ಯಾವುದೆಂದು ಅವಳಿಗೆ ಆಗ ತಿಳಿಯಿತು.

ಬಾಗಿಲಲ್ಲಿ ಗುರುಬಸಮ್ಮ ಕಾಣಿಸಿಕೊಂಡಳು. ಬೆವರಿದ್ದಳು. ಕಟ್ಟೆಗೆ ಒರಗಿ ನಿಂತು, "ನೀ ಡಬ್ಬಿ ಅವಚಿ ಹಿಡಿ, ನಾ ತಿರುವುತೀನಿ," ಅಂದಳು. ಮುಚ್ಚಳ ಬಂತು. ಇಬ್ಬರೂ ಅಲ್ಲೇ ನಿಂತು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

"ಅಕ್ಕಾರ, ಕಾಲು ನಡುಗಾಕತ್ತೈತೇನ್ರಿ?"

"ನಡುಗತೈತಿ," ಅಂದಳು ಗುರುಬಸಮ್ಮ. ಆದರೆ ಅವಳ ಕಣ್ಣು ಕಾಲಿನ ಮೇಲೆ ಇರಲಿಲ್ಲ. ಎರಡು ತಿಂಗಳಿಂದ ನೋಡದ ತನ್ನ ಅಡಿಗೆಮನೆಯನ್ನು ಮೂಲೆ ಮೂಲೆ ಕಣ್ಣಾಡಿಸುತ್ತಿದ್ದಳು. "ಉಪ್ಪಿನ ಭರಣಿ ಅಲ್ಲ್ಯಾಕ ಇಟ್ಟಾರ? ಆ ಕುರ್ಚಿ ಇತ್ತ ಎಳೀವ್ವ. ಕುಂತು ಎಲ್ಲಾ ಸರಿ ಮಾಡೋಣು."

ಹೊಲದಿಂದ ಸೊಸೆ ಬಂದಾಗ ಹಾಸಿಗೆ ಖಾಲಿಯಿತ್ತು. ಅವಳು ಗಾಬರಿಯಾಗಿ ಒಳಗೆ ಓಡಿದಳು. ಅತ್ತೆ ಕುರ್ಚಿಯ ಮೇಲೆ ಕೂತು ಸಾಸಿವೆ, ಜೀರಿಗೆ ಬೇರೆ ಬೇರೆ ಮಾಡುತ್ತಿದ್ದಳು. ಪಕ್ಕದಲ್ಲಿ ಒಬ್ಬ ಅಪರಿಚಿತ ಹೆಂಗಸು ವಗ್ಗರಣಿಗೆ ಹಸಿಮೆಣಸಿನಕಾಯಿ ಎಷ್ಟು ಹಾಕಬೇಕೆಂದು ಅವಳ ಜೊತೆ ವಾದಕ್ಕಿಳಿದಿದ್ದಳು. ಸಿರುಗುಪ್ಪದ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.